11ನೇ ಪಿಕ್‌ನಲ್ಲಿ ನೈನರ್ಸ್ ಯಾರನ್ನು ಆರಿಸಬೇಕು? ನನ್ನ ಮನಸ್ಸು ಟ್ಯಾಕಲ್ ಕಡೆ

ಹಾಸನದವ · ಏಪ್ರಿಲ್ 16, 2025, ಬುಧವಾರ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ, ಇನ್ನು ಎಂಟೇ ದಿನ. 24ನೇ ತಾರೀಖು ಗುರುವಾರ ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್‌ನಲ್ಲಿ ಮೊದಲ ಸುತ್ತು. ನಮ್ಮ ನೈನರ್ಸ್ (ಸ್ಯಾನ್ ಫ್ರಾನ್ಸಿಸ್ಕೊ 49ers) ಕೈಯಲ್ಲಿ 11ನೇ ಪಿಕ್, ಅಂದರೆ 11ನೇ ಆಯ್ಕೆಯ ಸರದಿ, ಇದೆ. ಆಫೀಸಿನಲ್ಲಿ ಇದನ್ನೇ ದಿನಾ ಮಾತಾಡುತ್ತೇವೆ, ಆದರೂ ಕನ್ನಡದಲ್ಲಿ ಮಾತಾಡಿದರೇ ನನಗೆ ಸಮಾಧಾನ. ಇಲ್ಲಿ ಬೇ ಏರಿಯಾದವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನೀವಾಗಿದ್ದರೆ ಯಾರನ್ನು ಆರಿಸುತ್ತಿದ್ದಿರಿ?

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ಕಳೆದ ಸೀಸನ್‌ನಲ್ಲಿ 6 ಗೆಲುವು, 11 ಸೋಲು. ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಮೆಕ್ಯಾಫ್ರಿ ನಾಲ್ಕೇ ಆಟ ಆಡಿದ. ಎಸೆದ ಚೆಂಡು ಹಿಡಿಯುವ ರಿಸೀವರ್ ಐಯುಕ್ ಮಂಡಿಗೆ ಏಟು ಮಾಡಿಕೊಂಡ. ಅದರ ಮೇಲೆ ಈ ಮಾರ್ಚ್‌ನಲ್ಲಿ ಮನೆ ಖಾಲಿ ಮಾಡಿದ ಹಾಗೆ ಒಬ್ಬೊಬ್ಬರೇ ಹೊರಟರು. ಇನ್ನೊಬ್ಬ ರಿಸೀವರ್ ಡೀಬೊ ವಾಷಿಂಗ್ಟನ್‌ಗೆ ಹೋದ, ಅದೂ ಬರೀ ಐದನೇ ಸುತ್ತಿನ ಒಂದು ಪಿಕ್‌ಗೆ. ಗ್ರೀನ್‌ಲಾ ಮತ್ತು ಹುಫಾಂಗ ಇಬ್ಬರೂ ಡೆನ್ವರ್‌ಗೆ, ವಾರ್ಡ್ ಇಂಡಿಯಾನಾಪೊಲಿಸ್‌ಗೆ, ಗಾರ್ಡ್ ಆರನ್ ಬ್ಯಾಂಕ್ಸ್ ಗ್ರೀನ್ ಬೇಗೆ. ಪಟ್ಟಿ ಇನ್ನೂ ಉದ್ದ ಇದೆ, ಬರೆಯಲು ಬೇಜಾರಾಗುತ್ತದೆ.

ಆದರೆ ನನಗೆ ನಿಜವಾದ ಭಯ ಎಡಗಡೆಯ ಟ್ಯಾಕಲ್ ಜಾಗದ್ದು, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ತುದಿಯದು. ಅಲ್ಲಿ ಆಡುವ ಟ್ರೆಂಟ್ ವಿಲಿಯಮ್ಸ್‌ಗೆ ಈ ಜುಲೈನಲ್ಲಿ 37 ತುಂಬುತ್ತದೆ. ನಾನು ನೋಡಿದವರಲ್ಲಿ ಅವನಂಥ ಟ್ಯಾಕಲ್ ಇನ್ನೊಬ್ಬ ಇಲ್ಲ, ಆದರೆ ವಯಸ್ಸು ಯಾರನ್ನೂ ಬಿಡುವುದಿಲ್ಲ. ಕಳೆದ ವರ್ಷ ಕಾಲಿನ ಗಿಣ್ಣು ನೋವಿನಿಂದ ಕೊನೆಯ ಏಳು ಆಟ ಆಡಲಿಲ್ಲ. ಆಗ ಅವನ ಜಾಗದಲ್ಲಿ ನಿಂತಿದ್ದ ಜೇಲನ್ ಮೂರ್ ಈಗ ಚೀಫ್ಸ್ ತಂಡದಲ್ಲಿದ್ದಾನೆ. ಅಂದರೆ ಟ್ರೆಂಟ್‌ಗೆ ಇನ್ನೊಂದು ಸಲ ಏಟಾದರೆ ನಮ್ಮ ಕ್ವಾರ್ಟರ್‌ಬ್ಯಾಕ್ ಪರ್ಡಿಯ ಬೆನ್ನು ಕಾಯಲು ಯಾರೂ ಇಲ್ಲ.

ಲಾಸ್ ವೇಗಸ್‌ನ ಸೂಪರ್ ಬೌಲ್ (ಲೀಗ್‌ನ ಫೈನಲ್) ಮರೆತಿಲ್ಲ ಅಲ್ವಾ? 2024ರ ಫೆಬ್ರವರಿ, ಓವರ್‌ಟೈಮ್, ಚೆಂಡು ಚೀಫ್ಸ್‌ನ 9 ಯಾರ್ಡ್ ಗೆರೆಯಲ್ಲಿ, ಮೂರನೇ ಡೌನ್ (ಪ್ರಯತ್ನ), ನಾಲ್ಕು ಯಾರ್ಡ್ ಬೇಕು. ಚೀಫ್ಸ್‌ನ ಕ್ರಿಸ್ ಜೋನ್ಸ್‌ನನ್ನು ಯಾರೂ ಮುಟ್ಟಲೇ ಇಲ್ಲ. ನೇರವಾಗಿ ಪರ್ಡಿಯ ಮುಖದ ಮುಂದೆ ಬಂದು ನಿಂತ. ಆ ಕಡೆ ಜೆನಿಂಗ್ಸ್ ಖಾಲಿಯಾಗಿದ್ದ, ಚೆಂಡು ತಲುಪಲಿಲ್ಲ. ಮೂರು ಪಾಯಿಂಟ್‌ಗೆ ತೃಪ್ತಿಪಟ್ಟೆವು, ಆಮೇಲೆ 25-22ರಿಂದ ಸೋತೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆವತ್ತಿನಿಂದ ನನ್ನ ತಲೆಯಲ್ಲಿ ಇರುವುದು ಒಂದೇ, ಮುಂದಿನ ಸಾಲು ಗಟ್ಟಿ ಮಾಡಿ.

ಹಾಗಾಗಿ ನನ್ನ ಆಯ್ಕೆ ಮಿಸೌರಿಯ ಅರ್ಮಾಂಡ್ ಮೆಂಬೂ. 332 ಪೌಂಡ್ ತೂಕ ಇಟ್ಟುಕೊಂಡು ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆ ಕಾಂಬೈನ್‌ನಲ್ಲಿ 40 ಯಾರ್ಡನ್ನು 4.91 ಸೆಕೆಂಡ್‌ನಲ್ಲಿ ಓಡಿದ ಹುಡುಗ. ಅಂದರೆ 150 ಕಿಲೋ ಮನುಷ್ಯ. ಕಾಲೇಜಿನಲ್ಲಿ ಬಲಗಡೆ ಆಡಿದವನು, ಒಂದು ವರ್ಷ ಇಲ್ಲೂ ಬಲಗಡೆ ಆಡಲಿ, ಆಮೇಲೆ ಟ್ರೆಂಟ್ ಜಾಗಕ್ಕೆ ಬರಲಿ. 11ರವರೆಗೆ ಉಳಿಯುತ್ತಾನಾ? ಅದೇ ಚಿಂತೆ.

ಕೆಂಪುಬಂಗಾರ · ಏಪ್ರಿಲ್ 16

ಹಾಸನದವರೇ, ನಿಮ್ಮ ಟ್ರೆಂಟ್ ಚಿಂತೆ ನನಗೂ ಇದೆ. ಆದರೂ 11ರಲ್ಲಿ ಟ್ಯಾಕಲ್ ಬೇಡ ಎಂದೇ ಹೇಳುತ್ತೇನೆ. ಯಾಕೆಂದರೆ ಎದುರಾಳಿಯನ್ನು ತಡೆಯುವ ಡಿಫೆನ್ಸಿವ್ ಲೈನ್‌ನಲ್ಲಿ ಈಗ ಇರುವುದು ಬೋಸಾ ಒಬ್ಬನೇ. ಹಾರ್ಗ್ರೇವ್ ಹೋದ, ಮಲೀಕ್ ಕಾಲಿನ್ಸ್ ಹೋದ, ಫ್ಲಾಯ್ಡ್ ಹೋದ. ಕಳೆದ ಸೀಸನ್‌ನಲ್ಲಿ ಬೋಸಾಗೆ 9 ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು), ಫ್ಲಾಯ್ಡ್‌ಗೆ ಎಂಟೂವರೆ. ಆ ಎಂಟೂವರೆ ಈಗ ಅಟ್ಲಾಂಟಾದಲ್ಲಿದೆ. ಒಂದು ಕೈಯಲ್ಲಿ ಚಪ್ಪಾಳೆ ಆಗುತ್ತದಾ? ಎದುರಿನ ತಂಡ ಬೋಸಾ ಮೇಲೆ ಇಬ್ಬರನ್ನು ಬಿಡುತ್ತದೆ, ಮಧ್ಯದಲ್ಲಿ ಓಡಿಕೊಂಡು ಹೋಗುತ್ತದೆ. ಕಳೆದ ವರ್ಷ ಅದನ್ನೇ ಮಾಡಿದರು, ನಾವು ನೋಡುತ್ತಾ ಕೂತಿದ್ದೆವು.

2019 ನೆನಪಿಸಿಕೊಳ್ಳಿ. ಆರ್ಮ್‌ಸ್ಟೆಡ್, ಬಕ್ನರ್, ಸಾಲೊಮನ್ ಥಾಮಸ್, ಬೋಸಾ, ಡೀ ಫೋರ್ಡ್. ಐದೂ ಜನ ಮೊದಲ ಸುತ್ತಿನ ಆಟಗಾರರು. ಆ ವರ್ಷ ನಾನು ಲೀವೈಸ್ ಸ್ಟೇಡಿಯಂನಲ್ಲಿ ಮೂರು ಆಟ ನೋಡಿದೆ. ಎದುರಿನ ಕ್ವಾರ್ಟರ್‌ಬ್ಯಾಕ್‌ಗೆ ಉಸಿರಾಡಲೂ ಬಿಡುತ್ತಿರಲಿಲ್ಲ. ಚೆಂಡು ಕೈಗೆ ಬಂದು ಎರಡು ಹೆಜ್ಜೆ ಹಿಂದೆ ಇಡುವಷ್ಟರಲ್ಲಿ ಯಾರಾದರೂ ಒಬ್ಬ ಮೇಲೆ ಬಿದ್ದಿರುತ್ತಿದ್ದ. ಆ ಡಿಫೆನ್ಸ್ ನಡೆಸಿದ ಸಲೇ ಈಗ ವಾಪಸ್ ಬಂದಿದ್ದಾನೆ. ಲೈನ್ ಕೋಚ್ ಕೊಸುರೆಕ್ ಇನ್ನೂ ಇಲ್ಲೇ ಇದ್ದಾನೆ. ಅಡುಗೆಯವರಿಬ್ಬರೂ ಇದ್ದಾರೆ, ಅಕ್ಕಿಬೇಳೆ ಕೊಡಿ ಎನ್ನುವುದೇ ನನ್ನ ಮಾತು.

ಮಿಷಿಗನ್‌ನ ಮೇಸನ್ ಗ್ರಹಾಂ ಸಿಕ್ಕರೆ ನಾನು ಮನೆಯಲ್ಲಿ ಹೋಳಿಗೆ ಮಾಡಿಸುತ್ತೇನೆ. ಆದರೆ ಅವನು ಮೊದಲ ಆರೇಳು ಪಿಕ್ ಒಳಗೆ ಹೋಗಿಬಿಡುತ್ತಾನೆ. ಪೆನ್ ಸ್ಟೇಟ್‌ನ ಅಬ್ದುಲ್ ಕಾರ್ಟರ್ ಕನಸಿನಲ್ಲೂ ಸಿಗುವುದಿಲ್ಲ. ಹಾಗಾಗಿ ನನ್ನ ಹುಡುಗ ಜಾರ್ಜಿಯಾದ ಮೈಕಲ್ ವಿಲಿಯಮ್ಸ್.

ಮೂರು ವರ್ಷಕ್ಕೆ 14 ಸ್ಯಾಕ್ ಅಷ್ಟೇ ಎಂದು ಜನ ಮೂಗು ಮುರಿಯುತ್ತಾರೆ. ಕಳೆದ ಸೀಸನ್‌ನ ಮೊದಲ ಆಟದಲ್ಲೇ, ಕ್ಲೆಮ್ಸನ್ ಎದುರು, ಅವನ ಗಿಣ್ಣು ಉಳುಕಿತು. ವರ್ಷಪೂರ್ತಿ ಆ ನೋವಿನಲ್ಲೇ ಆಡಿದ. ಆ ಕಾಲಿನಲ್ಲೇ ಅಕ್ಟೋಬರ್‌ನಲ್ಲಿ ಆಸ್ಟಿನ್‌ಗೆ ಹೋಗಿ ಟೆಕ್ಸಸ್ ಎದುರು ಎರಡು ಸ್ಯಾಕ್ ಮಾಡಿದ. ಇನ್ನೂ 20 ವರ್ಷ. ಉದ್ದನೆಯ ಕೈ. ಮುಖ್ಯವಾಗಿ ಓಟ ತಡೆಯುವುದನ್ನು ಕಲಿತು ಬಂದವನು. ಬರೀ ಕ್ವಾರ್ಟರ್‌ಬ್ಯಾಕ್ ಬೆನ್ನು ಹತ್ತುವವನು ನಮಗೆ ಬೇಡ, ಅಂಚನ್ನು ಬಿಟ್ಟುಕೊಡದವನು ಬೇಕು. ಟೆಕ್ಸಸ್ ಎ ಅಂಡ್ ಎಂನ ಶೆಮಾರ್ ಸ್ಟುವರ್ಟ್ ಹೆಸರು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಬೇಡ. ಮೈಕಟ್ಟು ಅದ್ಭುತ, ಒಪ್ಪುತ್ತೇನೆ. ಆದರೆ ಮೂರು ವರ್ಷಕ್ಕೆ ನಾಲ್ಕೂವರೆ ಸ್ಯಾಕ್.

ಹಾಸನದವ · ಏಪ್ರಿಲ್ 16

ಅಕ್ಕಿಬೇಳೆ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 2015ರಲ್ಲಿ ಆರ್ಮ್‌ಸ್ಟೆಡ್, 2016ರಲ್ಲಿ ಬಕ್ನರ್, 2017ರಲ್ಲಿ ಥಾಮಸ್, 2019ರಲ್ಲಿ ಬೋಸಾ, 2020ರಲ್ಲಿ ಕಿನ್ಲಾ. ಆರು ವರ್ಷದಲ್ಲಿ ಐದು ಸಲ ಮೊದಲ ಸುತ್ತಿನಲ್ಲಿ ಡಿಫೆನ್ಸಿವ್ ಲೈನ್. ಇನ್ನೊಂದು ಕಡೆ ನೋಡಿ. ಕೋಚ್ ಶಾನಹಾನ್ ಮತ್ತು ಜನರಲ್ ಮ್ಯಾನೇಜರ್ ಲಿಂಚ್ ಬಂದದ್ದು 2017ರಲ್ಲಿ. ಅಂದಿನಿಂದ ಮೊದಲ ಸುತ್ತಿನಲ್ಲಿ ಆರಿಸಿದ ಆಫೆನ್ಸಿವ್ ಲೈನ್ ಆಟಗಾರ ಒಬ್ಬನೇ, 2018ರಲ್ಲಿ ಮೆಕ್ಲಿಂಚಿ. ಅವನೂ 2023ರಲ್ಲಿ ಡೆನ್ವರ್‌ಗೆ ಹೋದ.

2020ರ ಡ್ರಾಫ್ಟ್ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಬಕ್ನರ್‌ನನ್ನು ಕೊಟ್ಟು 13ನೇ ಪಿಕ್ ತಂದೆವು. ಡ್ರಾಫ್ಟ್ ದಿನ ಟ್ಯಾಂಪಾ ಬೇ ಜೊತೆ ಮಾತಾಡಿ ಒಂದು ಜಾಗ ಕೆಳಗೆ ಇಳಿದೆವು, 14ಕ್ಕೆ. ನಾಲ್ಕನೇ ಸುತ್ತಿನ ಒಂದು ಪಿಕ್ ಜಾಸ್ತಿ ಸಿಕ್ಕಿತು. ಟ್ಯಾಂಪಾ ಆ 13ರಲ್ಲಿ ಆರಿಸಿದ್ದು ಯಾರನ್ನು? ಅಯೋವಾದ ಟ್ರಿಸ್ಟನ್ ವಿರ್ಫ್ಸ್. ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ. ಬಲಗಡೆ ಆಡಿ ಆಲ್ ಪ್ರೊ (ಲೀಗ್‌ನ ಅತ್ಯುತ್ತಮರ ಪಟ್ಟಿ) ಆದ, ಎಡಗಡೆಗೆ ಬಂದು ಮತ್ತೆ ಆಲ್ ಪ್ರೊ ಆದ. ನಾವು 14ರಲ್ಲಿ ಕಿನ್ಲಾನನ್ನು ಆರಿಸಿದೆವು. ಪಾಪ, ಅವನ ತಪ್ಪಲ್ಲ, ಮಂಡಿ ಕೈಕೊಟ್ಟಿತು. ಈಗ ಅವನು ನಮ್ಮ ತಂಡದಲ್ಲೂ ಇಲ್ಲ.

ಅದೇ ವಾರ ಜೋ ಸ್ಟೇಲಿ ನಿವೃತ್ತಿ ಹೇಳಿದ. 2008ರಿಂದ ಎಡಗಡೆ ಕಾದವನು. ನಮ್ಮ ಪುಣ್ಯ, ಅದೇ ಹೊತ್ತಿಗೆ ಟ್ರೆಂಟ್ ವಿಲಿಯಮ್ಸ್ ವಾಷಿಂಗ್ಟನ್ ಬಿಡಬೇಕು ಎಂದು ಕೂತಿದ್ದ, ಮೂರನೇ ಮತ್ತು ಐದನೇ ಸುತ್ತಿನ ಪಿಕ್ ಕೊಟ್ಟರೆ ಸಿಕ್ಕಿಬಿಟ್ಟ. ಅಂಥ ಪುಣ್ಯ ಇನ್ನೊಂದು ಸಲ ಬರುತ್ತದೆ ಎಂದು ನಂಬಿ ಕೂರುವುದು ಸರಿಯಾ? ಈ ಸಲವೂ ತಡ ಮಾಡಿದರೆ ಟ್ರೆಂಟ್ ಹೋಗುವ ವರ್ಷ ನಮ್ಮ ಪಿಕ್ 25ರ ಆಚೆ ಇರುತ್ತದೆ. ಒಳ್ಳೆಯ ಟ್ಯಾಕಲ್‌ಗಳು ಅಷ್ಟು ಕೆಳಗೆ ಬರುವುದು ಕಡಿಮೆ.

ಮುಂಜಾನೆ ನೈನರ್ · ಏಪ್ರಿಲ್ 17

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಅಣ್ಣ ಸನ್ನಿವೇಲ್‌ನಲ್ಲಿದ್ದಾನೆ, ಅವನಿಂದಲೇ ಈ ಹುಚ್ಚು ಹತ್ತಿದ್ದು. ಭಾನುವಾರ ರಾತ್ರಿ, ಸೋಮವಾರ ಬೆಳಗಿನ ಜಾವ ಎದ್ದು ಆಟ ನೋಡಿ ಕೆಲಸಕ್ಕೆ ಹೋಗುವವನು ನಾನು. ಡ್ರಾಫ್ಟ್ ನಮಗೆ ಶುಕ್ರವಾರ ಬೆಳಿಗ್ಗೆ ಐದೂವರೆಗೆ ಶುರು, ಅಲಾರಂ ಇಟ್ಟಾಗಿದೆ.

ನಾನು ಆರ್‌ಸಿಬಿ ಕಡೆಯವನು. ಹಾಗಾಗಿ ನೈನರ್ಸ್ ನೋವು ನನಗೆ ಹೊಸದಲ್ಲ. ನಾವು 2009, 2011, 2016ರಲ್ಲಿ ಫೈನಲ್‌ಗೆ ಹೋಗಿ ಸೋತೆವು. ನೈನರ್ಸ್ 2013, 2020, 2024ರಲ್ಲಿ ಹೋಗಿ ಸೋತರು. ಮೂರಕ್ಕೆ ಮೂರು. ಎರಡೂ ಕಡೆ ಎದೆ ಒಡೆದುಕೊಂಡು ಕೂತವನು ನಾನು.

ನನ್ನ ಪ್ರಶ್ನೆ ಸಣ್ಣದು. ಐಪಿಎಲ್‌ನಲ್ಲಿ ಹರಾಜು ಇದೆ. ದುಡ್ಡಿದ್ದರೆ ಬೇಕಾದವನನ್ನು ಕೂಗಿ ಕೊಳ್ಳಬಹುದು. ಇಲ್ಲಿ ಹಾಗಿಲ್ಲ, ಸೋತವರಿಗೆ ಮೊದಲ ಅವಕಾಶ. ಹಾಗಿದ್ದರೆ 11ರಲ್ಲಿ ಕೂತ ತಂಡ ತನಗೆ ಬೇಕಾದ ಜಾಗಕ್ಕೆ ಆರಿಸಬೇಕಾ, ಅಥವಾ ಉಳಿದವರಲ್ಲಿ ಎಲ್ಲರಿಗಿಂತ ಒಳ್ಳೆಯವನು ಯಾರೋ ಅವನನ್ನು ಆರಿಸಬೇಕಾ? ಬೋಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ ಒಂದೇ ಸೀಸನ್‌ನಲ್ಲಿ 2,601 ಯಾರ್ಡ್ ಓಡಿದ್ದಾನೆ. ಬ್ಯಾರಿ ಸ್ಯಾಂಡರ್ಸ್ 1988ರ ದಾಖಲೆಗೆ ಬರೀ 27 ಕಡಿಮೆ. ಅಂಥವನು 11ರಲ್ಲಿ ಸಿಕ್ಕರೆ ಬಿಟ್ಟುಬಿಡುತ್ತೀರಾ?

ತುಂಗಾತೀರ · ಏಪ್ರಿಲ್ 17

ಒಳ್ಳೆಯ ಪ್ರಶ್ನೆ ತಮ್ಮಾ. ನಾನು ಸ್ಯಾನ್ ಹೊಸೆಯಲ್ಲಿ 26 ವರ್ಷದಿಂದ ಇದ್ದೇನೆ, ಕ್ಯಾಂಡಲ್‌ಸ್ಟಿಕ್ ಗಾಳಿಯಲ್ಲಿ ನಡುಗಿಕೊಂಡು ಆಟ ನೋಡಿದವನು. ಜೆಂಟಿ ವಿಷಯ ಮೊದಲು ಮುಗಿಸುತ್ತೇನೆ. ಅವನು ಅಷ್ಟು ಕೆಳಗೆ ಬರುವುದಿಲ್ಲ. ಬಂದರೂ ಮೆಕ್ಯಾಫ್ರಿ ಇರುವಾಗ ನಮಗೆ ಬೇಡ.

ಈಗ ನಿಜವಾದ ವಿಷಯ. ಇದು ದುಡ್ಡಿನ ಕಥೆ, ಅದನ್ನು ಇಲ್ಲಿ ಇನ್ನೂ ಯಾರೂ ಎತ್ತಿಲ್ಲ. ಈ ವರ್ಷ ಒಂದು ತಂಡ ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳದ ಮಿತಿ 27.92 ಕೋಟಿ ಡಾಲರ್. ಅದರೊಳಗೆ 53 ಜನ ಬರಬೇಕು. ಇಷ್ಟು ದಿನ ನಮ್ಮ ಅದೃಷ್ಟ ಏನೆಂದರೆ ಪರ್ಡಿ. 2022ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಕೊನೆಯ ಪಿಕ್, 262. ಕಳೆದ ವರ್ಷ ಅವನ ಸಂಬಳ 10 ಲಕ್ಷ ಡಾಲರ್‌ಗಿಂತ ಕಡಿಮೆ. ಬೇರೆ ತಂಡಗಳು ಕ್ವಾರ್ಟರ್‌ಬ್ಯಾಕ್‌ಗೆ ವರ್ಷಕ್ಕೆ 5 ಕೋಟಿ ಡಾಲರ್ ಸುರಿಯುವಾಗ ನಾವು ಆ ದುಡ್ಡಲ್ಲಿ ಬೋಸಾ, ಟ್ರೆಂಟ್, ವಾರ್ನರ್, ಕಿಟಲ್, ಡೀಬೊ ಎಲ್ಲರನ್ನೂ ಇಟ್ಟುಕೊಂಡೆವು. ಈಗ ಪರ್ಡಿಗೆ ನ್ಯಾಯವಾಗಿ ಕೊಡಬೇಕಾದ್ದನ್ನು ಕೊಡಬೇಕು. ಮಾತುಕತೆ ನಡೆಯುತ್ತಿದೆ. ಈ ಮಾರ್ಚ್‌ನಲ್ಲಿ ಅಷ್ಟು ಜನ ಹೊರಟದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ಡ್ರಾಫ್ಟ್‌ನಲ್ಲಿ ಬಂದ ಹುಡುಗ ನಾಲ್ಕು ವರ್ಷ ಗೊತ್ತಾದ ಸಂಬಳಕ್ಕೆ ಆಡುತ್ತಾನೆ. ಮೊದಲ ಸುತ್ತಿನವನಾದರೆ ಐದನೇ ವರ್ಷವೂ ಇಟ್ಟುಕೊಳ್ಳಬಹುದು. ಹಾಗಾಗಿ ನೋಡಬೇಕಾದ್ದು ಹೊರಗೆ ಕೊಳ್ಳಲು ಹೋದರೆ ಯಾವ ಜಾಗ ತುಂಬಾ ದುಬಾರಿ ಎಂದು. ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ಎಡ್ಜ್ (ಡಿಫೆನ್ಸಿವ್ ಲೈನ್‌ನ ತುದಿಯವನು), ಟ್ಯಾಕಲ್, ರಿಸೀವರ್. ರನ್ನಿಂಗ್ ಬ್ಯಾಕ್ ಅಲ್ಲ. ಆ ಲೆಕ್ಕದಲ್ಲಿ ಹಾಸನದವರೂ ಸರಿ, ಕೆಂಪುಬಂಗಾರವೂ ಸರಿ.

ಆದರೆ ನನ್ನ ಸಲಹೆ ಬೇರೆ. ನಮ್ಮ ಹತ್ತಿರ ಈ ಸಲ 11 ಪಿಕ್ ಇವೆ. ಮೊದಲ 100ರ ಒಳಗೇ ನಾಲ್ಕು, 11, 43, 75, 100. ಯಾರಾದರೂ ಮೇಲೆ ಬರಲು ಒದ್ದಾಡಿದರೆ 11 ಕೊಟ್ಟು 18, 20ರ ಹತ್ತಿರಕ್ಕೆ ಇಳಿಯಿರಿ, ಇನ್ನೊಂದು ಎರಡನೇ ಸುತ್ತಿನ ಪಿಕ್ ತನ್ನಿ. ಶಾನಹಾನ್-ಲಿಂಚ್ ಜೋಡಿಯ ಕೈಗುಣ ಕೆಳಗಿನ ಸುತ್ತುಗಳಲ್ಲೇ ಚೆನ್ನಾಗಿರುವುದು. ಕಿಟಲ್ ಐದನೇ ಸುತ್ತು. ವಾರ್ನರ್ ಮೂರನೇ ಸುತ್ತು. ಗ್ರೀನ್‌ಲಾ, ಹುಫಾಂಗ, ಲೆನ್ವಾ ಮೂವರೂ ಐದನೇ ಸುತ್ತು. ಕಳೆದ ವರ್ಷ ಮೂರನೇ ಸುತ್ತಿನಲ್ಲಿ ಬಂದ ಕಾನ್ಸಸ್‌ನ ಪೂನಿ ಮೊದಲ ದಿನದಿಂದ ಗಾರ್ಡ್ ಜಾಗ ಹಿಡಿದು ನಿಂತ.

ಮೇಲೆ ಹತ್ತಲು ಹೋದಾಗ ಏನಾಯಿತು? 2021. ಮೂರು ಮೊದಲ ಸುತ್ತಿನ ಪಿಕ್, ಜೊತೆಗೆ ಒಂದು ಮೂರನೇ ಸುತ್ತಿನದು, ಇಷ್ಟು ಕೊಟ್ಟು 12ರಿಂದ 3ಕ್ಕೆ ಹತ್ತಿದೆವು. ಟ್ರೇ ಲ್ಯಾನ್ಸ್ ಬಂದ. ಕಾಲೇಜಿನ ಕೊನೆಯ ವರ್ಷ ಒಂದೇ ಆಟ ಆಡಿದ್ದ ಹುಡುಗ. ನಮಗಾಗಿ ನಾಲ್ಕು ಆಟ ಶುರು ಮಾಡಿದ, ಗಿಣ್ಣು ಮುರಿಯಿತು, 2023ರಲ್ಲಿ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಹೋದ. ಆ ಹುಡುಗನ ಬಗ್ಗೆ ನನಗೆ ಸಿಟ್ಟಿಲ್ಲ, ಮರುಕ ಇದೆ. ಆದರೆ ಆ ಪಿಕ್‌ಗಳು ಇದ್ದಿದ್ದರೆ ಇವತ್ತು ನಾವು ಟ್ಯಾಕಲ್ಲೋ ಎಡ್ಜೋ ಎಂದು ಜಗಳವಾಡಬೇಕಿರಲಿಲ್ಲ. ಎರಡೂ ಇರುತ್ತಿದ್ದವು.

ಫ್ರೀಮಾಂಟ್ ಅಮ್ಮ · ಏಪ್ರಿಲ್ 18

ಇಲ್ಲಿ ಬರೆಯುವುದು ಮೊದಲ ಸಲ. ನನ್ನ ಮಗ ಹೈಸ್ಕೂಲಿನಲ್ಲಿ ಆಫೆನ್ಸಿವ್ ಲೈನ್‌ನಲ್ಲಿ ಆಡುತ್ತಾನೆ. ಎರಡು ವರ್ಷದ ಹಿಂದೆ ನನಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಈಗ ಶುಕ್ರವಾರ ಸಂಜೆ ಆದರೆ ಗ್ಯಾಲರಿಯಲ್ಲಿ ಕೂತು ಅವನ ಕಾಲು ನೋಡುತ್ತೇನೆ, ಚೆಂಡು ನೋಡುವುದಿಲ್ಲ. ಅವನೇ ಹೇಳಿಕೊಟ್ಟಿದ್ದು, ಅಮ್ಮಾ ಚೆಂಡು ಬಿಡು, ನನ್ನ ಹೆಜ್ಜೆ ನೋಡು ಎಂದು.

ಹಾಗಾಗಿ ನನ್ನ ಓಟು ಟ್ಯಾಕಲ್‌ಗೆ. ಆದರೆ ಮೆಂಬೂ ಅಲ್ಲ, ಟೆಕ್ಸಸ್‌ನ ಕೆಲ್ವಿನ್ ಬ್ಯಾಂಕ್ಸ್. ಕಾಲೇಜಿಗೆ ಕಾಲಿಟ್ಟ ಮೊದಲ ವರ್ಷದಿಂದ ಮೂರು ವರ್ಷ ಎಡಗಡೆಯನ್ನೇ ಕಾದವನು. ಕಳೆದ ಸೀಸನ್‌ನಲ್ಲಿ ಔಟ್‌ಲ್ಯಾಂಡ್ ಮತ್ತು ಲೊಂಬಾರ್ಡಿ ಎರಡೂ ಪ್ರಶಸ್ತಿ ಬಂದವು. ನಾನೂ ಮಗನೂ ಅವನ ಆಟಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇವೆ. ಎದುರಿನವನು ಒಳಗೆ ನುಗ್ಗುತ್ತಾನಾ, ಸುತ್ತು ಹಾಕಿ ಬರುತ್ತಾನಾ ಎಂದು ಅವನಿಗೆ ಮೊದಲೇ ಗೊತ್ತಿದ್ದ ಹಾಗೆ ಕಾಲು ಇಡುತ್ತಾನೆ. ಸೊಂಟ ತಗ್ಗಿಸಿ ಕೂತ ಹಾಗೆ ನಿಲ್ಲುತ್ತಾನೆ, ಎದ್ದು ನಿಲ್ಲುವುದೇ ಇಲ್ಲ.

ಇನ್ನೊಂದು ಮಾತು, ನನಗೆ ನಿಜವಾಗಿ ಬೇಸರ ಆಗುವುದು. ಎಲ್‌ಎಸ್‌ಯುವಿನ ವಿಲ್ ಕ್ಯಾಂಪ್ಬೆಲ್ ಕೈ 33 ಇಂಚಿಗಿಂತ ಸ್ವಲ್ಪ ಗಿಡ್ಡ ಎಂದು ಎರಡು ತಿಂಗಳಿಂದ ಎಲ್ಲೆಲ್ಲೂ ಮಾತು. ಮೂರು ವರ್ಷ ಅಷ್ಟು ಕಷ್ಟದ ಲೀಗ್‌ನಲ್ಲಿ ಆಡಿದ ಹುಡುಗನನ್ನು ಟೇಪು ಹಿಡಿದು ಅಳೆದು ಟ್ಯಾಕಲ್ ಅಲ್ಲ, ಗಾರ್ಡ್ ಮಾಡಿ ಎನ್ನುತ್ತಾರೆ. ಇವರೆಲ್ಲ 21, 22 ವರ್ಷದ ಮಕ್ಕಳು. ಅವರ ಅಮ್ಮಂದಿರೂ ಇದನ್ನೆಲ್ಲ ಓದುತ್ತಾರೆ.

ಮಗ ಪಕ್ಕದಲ್ಲಿ ಕೂತಿದ್ದಾನೆ. ಓಹಾಯೋ ಸ್ಟೇಟ್‌ನ ಜಾಷ್ ಸಿಮನ್ಸ್ ಹೆಸರು ಬರೆಯಿರಿ ಎನ್ನುತ್ತಿದ್ದಾನೆ. ಅಕ್ಟೋಬರ್‌ನಲ್ಲಿ ಆರೆಗನ್ ಎದುರು ಮಂಡಿಗೆ ಏಟಾಗದೆ ಇದ್ದಿದ್ದರೆ ಟ್ಯಾಕಲ್‌ಗಳಲ್ಲೆಲ್ಲ ಇವನೇ ಮೊದಲು ಹೋಗುತ್ತಿದ್ದ ಎನ್ನುವುದು ಅವನ ವಾದ.

ಕೆಂಪುಬಂಗಾರ · ಏಪ್ರಿಲ್ 18

ಅಮ್ಮಾ, ಕೈ ಅಳತೆಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ನಾನೂ ಮೇಲೆ ಮೈಕಲ್ ವಿಲಿಯಮ್ಸ್ ಕೈ ಉದ್ದ ಎಂದು ಬರೆದೆ, ಆದರೆ ಅದಷ್ಟೇ ನೋಡಿ ಆರಿಸಬಾರದು. ನಿಮ್ಮ ಮಗನಿಗೆ ಶುಭಾಶಯ ಹೇಳಿ.

ತುಂಗಾತೀರ ಅವರೇ, ಕೆಳಗೆ ಇಳಿಯುವುದು ಕಾಗದದ ಮೇಲೆ ಚೆನ್ನಾಗಿದೆ. ಆದರೆ ಈ ಎಂಟು ವರ್ಷದಲ್ಲಿ 11ರಂಥ ಪಿಕ್ ನಮಗೆ ಎಷ್ಟು ಸಲ ಸಿಕ್ಕಿದೆ? 2021ರ ನಂತರ ಇದೇ ಮೊದಲು. 2022, 2023ರಲ್ಲಿ ಮೊದಲ ಸುತ್ತೇ ಇರಲಿಲ್ಲ, ಕಳೆದ ವರ್ಷ 31. ಮೇಲಿನ ಸಾಲಿನ ಆಟಗಾರ ಒಬ್ಬ ಕೈಗೆ ಎಟಕುವ ವರ್ಷ ಇದು. ಬಿಡಬಾರದು.

ಕಾಳಿ ಕಣಿವೆ · ಏಪ್ರಿಲ್ 19

ಎಲ್ಲರೂ ಲೈನ್ ಲೈನ್ ಎನ್ನುತ್ತಿದ್ದೀರಿ. ಪೆನ್ ಸ್ಟೇಟ್‌ನ ಟೈಟ್ ಎಂಡ್ (ತಡೆಯುವುದೂ ಚೆಂಡು ಹಿಡಿಯುವುದೂ ಎರಡೂ ಮಾಡುವವನು) ಟೈಲರ್ ವಾರೆನ್ ಹೆಸರು ಒಬ್ಬರೂ ಹೇಳಲಿಲ್ಲವಲ್ಲ! ಕಳೆದ ಸೀಸನ್‌ನಲ್ಲಿ 104 ಕ್ಯಾಚ್, 1,233 ಯಾರ್ಡ್. ಯುಎಸ್‌ಸಿ ಎದುರು ಒಂದೇ ಆಟದಲ್ಲಿ 17 ಕ್ಯಾಚ್, 224 ಯಾರ್ಡ್. ಆ ಆಟದಲ್ಲಿ ಒಂದು ಸಲ ಸೆಂಟರ್ ಜಾಗದಲ್ಲಿ ನಿಂತು ತಾನೇ ಚೆಂಡು ಹಿಂದಕ್ಕೆ ಕೊಟ್ಟ, ಆಮೇಲೆ ಓಡಿಹೋಗಿ ಟಚ್‌ಡೌನ್ ಕ್ಯಾಚ್ ಹಿಡಿದ. ನಮ್ಮ ಟೈಟ್ ಎಂಡ್ ಕಿಟಲ್‌ಗೆ 31 ಆಯಿತು. ಅವನ ಜೊತೆ ಇಂಥವನೊಬ್ಬ ನಿಂತರೆ ಶಾನಹಾನ್ ಏನೇನು ಮಾಡಬಹುದು ಯೋಚಿಸಿ. ಪರ್ಡಿಗೆ ಡೀಬೊ ಇಲ್ಲ, ಐಯುಕ್ ಯಾವಾಗ ವಾಪಸ್ ಬರುತ್ತಾನೋ. ಪಿಯರ್ಸಲ್ ಎದೆಗೆ ಗುಂಡು ತಾಗಿ ಎರಡು ತಿಂಗಳೊಳಗೆ ಮೈದಾನಕ್ಕೆ ಬಂದ ಧೈರ್ಯವಂತ, ಆದರೆ ಅವನೊಬ್ಬನ ಮೇಲೆ ಎಷ್ಟು ಭಾರ ಹಾಕುತ್ತೀರಿ?

ಹಾಸನದವ · ಏಪ್ರಿಲ್ 19

ವಾರೆನ್ ನನಗೂ ಇಷ್ಟ. ಆದರೆ ಕಿಟಲ್ ಇರುವಾಗ ಅವನನ್ನು ತರುವುದು ಮನೆಗೆ ಕಂಬ ಇಲ್ಲದಿರುವಾಗ ಕಿಟಕಿಗೆ ಗಾಜು ಹಾಕಿಸಿದ ಹಾಗೆ. ನನ್ನ ಪಟ್ಟಿ ಹೀಗೆ ಇಟ್ಟುಕೊಂಡಿದ್ದೇನೆ. ಮೆಂಬೂ ಇದ್ದರೆ ಮೆಂಬೂ. ಇಲ್ಲವಾದರೆ ಬ್ಯಾಂಕ್ಸ್, ಅಮ್ಮನ ಮಾತಿಗೆ ಬೆಲೆ ಕೊಟ್ಟು ನಿನ್ನೆ ರಾತ್ರಿ ಅವನ ಎರಡು ಆಟ ನೋಡಿದೆ, ಒಪ್ಪಿದೆ. ಇಬ್ಬರೂ ಹೋಗಿದ್ದರೆ ಆಗ ಕೆಂಪುಬಂಗಾರದ ಮೈಕಲ್ ವಿಲಿಯಮ್ಸ್ ಬರಲಿ, ಅಥವಾ ಜಾರ್ಜಿಯಾದವನೇ ಜೇಲನ್ ವಾಕರ್, ನಾನು ತಕರಾರು ಮಾಡುವುದಿಲ್ಲ. ಗುರುವಾರ ಎಲ್ಲರೂ ಇಲ್ಲಿ ಸೇರೋಣ.

ಮುಂಜಾನೆ ನೈನರ್ · ಏಪ್ರಿಲ್ 25, ಬೆಂಗಳೂರಿನಲ್ಲಿ ಶುಕ್ರವಾರ ಬೆಳಿಗ್ಗೆ

ಎದ್ದಿದ್ದೇನೆ. ಫಿಲ್ಟರ್ ಕಾಫಿ ಪಕ್ಕದಲ್ಲಿದೆ. ಕ್ಯಾಮ್ ವಾರ್ಡ್ ಟೆನ್ನೆಸ್ಸಿಗೆ. ಟ್ರಾವಿಸ್ ಹಂಟರ್‌ಗಾಗಿ ಜಾಕ್ಸನ್‌ವಿಲ್ 5ರಿಂದ 2ಕ್ಕೆ ಹತ್ತಿದೆ! ಕಾರ್ಟರ್ ಜಯಂಟ್ಸ್‌ಗೆ. ಅಮ್ಮ, ನಿಮ್ಮ ವಿಲ್ ಕ್ಯಾಂಪ್ಬೆಲ್ ನಾಲ್ಕನೆಯವನಾಗಿ ಹೋದ, ನ್ಯೂ ಇಂಗ್ಲೆಂಡ್‌ಗೆ. ಗ್ರಹಾಂ 5, ಜೆಂಟಿ 6.

ಹಾಸನದವ · ಏಪ್ರಿಲ್ 24, ಗುರುವಾರ ಸಂಜೆ

ಮೆಂಬೂ 7ಕ್ಕೇ ಹೋದ. ಜೆಟ್ಸ್. ಎದೆ ಧಸಕ್ಕೆಂದಿತು. ಇನ್ನು ಬ್ಯಾಂಕ್ಸ್ ಒಬ್ಬನೇ ಆಸೆ.

ಫ್ರೀಮಾಂಟ್ ಅಮ್ಮ · ಏಪ್ರಿಲ್ 24

ಬ್ಯಾಂಕ್ಸ್ 9. ನ್ಯೂ ಆರ್ಲಿಯನ್ಸ್. ಎರಡೇ ಪಿಕ್‌ನಲ್ಲಿ ತಪ್ಪಿಹೋದ. ಮಗ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಆದರೆ ಕ್ಯಾಂಪ್ಬೆಲ್ 4ರಲ್ಲಿ ಹೋದದ್ದು ನನಗೆ ತುಂಬಾ ಸಂತೋಷ ಆಯಿತು.

ಕೆಂಪುಬಂಗಾರ · ಏಪ್ರಿಲ್ 24

ಮೈಕಲ್ ವಿಲಿಯಮ್ಸ್! 11ನೇ ಪಿಕ್ ಮೈಕಲ್ ವಿಲಿಯಮ್ಸ್! ವಾರೆನ್ ಇದ್ದ, ವಾಕರ್ ಇದ್ದ, ಸಿಮನ್ಸ್ ಇದ್ದ, ಓಲ್ ಮಿಸ್‌ನ ನೋಲನ್ ಇದ್ದ, ಆದರೂ ನನ್ನ ಹುಡುಗನನ್ನೇ ಕರೆದರು. ಬೋಸಾ ಒಂದು ಕಡೆ, ಇವನು ಇನ್ನೊಂದು ಕಡೆ. ಹೆಂಡತಿ ಮಕ್ಕಳೆಲ್ಲ ಹೆದರುವಷ್ಟು ಜೋರಾಗಿ ಕೂಗಿದೆ. ಹಾಸನದವರೇ, ಗ್ರಹಾಂ ಬರದಿದ್ದರೂ ಹೋಳಿಗೆ ಮಾಡಿಸುತ್ತೇನೆ, ಭಾನುವಾರ ಮನೆಗೆ ಬನ್ನಿ.

ಹಾಸನದವ · ಏಪ್ರಿಲ್ 24, ರಾತ್ರಿ

ಬರುತ್ತೇನೆ. ಕೊಟ್ಟ ಮಾತಿನಂತೆ ತಕರಾರು ಇಲ್ಲ, ಒಳ್ಳೆಯ ಆಯ್ಕೆಯೇ. ಆದರೆ ಸಿಮನ್ಸ್ ಕೆಳಗೆ ಕೆಳಗೆ ಜಾರಿ ಕಡೆಗೆ 32ಕ್ಕೆ ಬಂದ, ಅವನನ್ನು ಎತ್ತಿಕೊಂಡದ್ದು ಯಾರು ನೋಡಿದಿರಾ? ಚೀಫ್ಸ್. ನಮ್ಮ ಜೇಲನ್ ಮೂರ್ ಹೋದ ಮನೆಗೇ ಈ ಹುಡುಗನೂ ಹೋದ. ಈಗ 43 ಕಾಯುತ್ತೇನೆ. ಅಲ್ಲಿ ಟ್ಯಾಕಲ್ ಬರಬೇಕು.

ತುಂಗಾತೀರ · ಏಪ್ರಿಲ್ 26, ಶನಿವಾರ

ಮೂರೂ ದಿನ ಮುಗಿಯಿತು. 43ರಲ್ಲಿ ಟೆಕ್ಸಸ್‌ನ ಆಲ್ಫ್ರೆಡ್ ಕಾಲಿನ್ಸ್, ಮಧ್ಯದಲ್ಲಿ ಗೋಡೆಯ ಹಾಗೆ ನಿಲ್ಲುವವನು. 75ರಲ್ಲಿ ಓಕ್ಲಹೋಮಾ ಸ್ಟೇಟ್‌ನ ಲೈನ್‌ಬ್ಯಾಕರ್ ನಿಕ್ ಮಾರ್ಟಿನ್, ಗ್ರೀನ್‌ಲಾ ಬಿಟ್ಟ ಜಾಗಕ್ಕೆ. 100ರಲ್ಲಿ ವೆಸ್ಟರ್ನ್ ಕೆಂಟಕಿಯ ಕಾರ್ನರ್ ಅಪ್ಟನ್ ಸ್ಟೌಟ್. 113ರಲ್ಲಿ ಇಂಡಿಯಾನಾದ ಸಿಜೆ ವೆಸ್ಟ್, ಮತ್ತೆ ಡಿಫೆನ್ಸಿವ್ ಲೈನ್. ಮೊದಲ ಐದೂ ಪಿಕ್ ಡಿಫೆನ್ಸ್‌ಗೇ ಹೋದವು. ಸಲೇ ಕೇಳಿದ್ದೆಲ್ಲ ಸಿಕ್ಕಿತು. ನಾನು ಹೇಳಿದ ಹಾಗೆ ಕೆಳಗೆ ಇಳಿಯಲಿಲ್ಲ, ಆದರೂ ನನಗೆ ಇಷ್ಟವಾಯಿತು. 160ರಲ್ಲಿ ಬಂದ ಕಾನ್ಸಸ್ ಸ್ಟೇಟ್‌ನ ಸೇಫ್ಟಿ ಮಾರ್ಕ್ಸ್ ಸಿಗಲ್ ಮೇಲೆ ಕಣ್ಣಿಡಿ, ಅದು ನಮ್ಮ ಐದನೇ ಸುತ್ತು.

ಹಾಸನದವರೇ, ನಿಮ್ಮ ಆಫೆನ್ಸಿವ್ ಲೈನ್?

ಹಾಸನದವ · ಏಪ್ರಿಲ್ 26

249ರವರೆಗೆ ಕಾದೆ. ಏಳನೇ ಸುತ್ತು, ಹತ್ತನೇ ಪಿಕ್, ಕಾನರ್ ಕೋಲ್ಬಿ. ಅದೂ ಗಾರ್ಡ್, ಟ್ಯಾಕಲ್ ಅಲ್ಲ. ಆದರೆ ಓದಿದ್ದು ಅಯೋವಾದಲ್ಲಿ, ಕಿಟಲ್ ಮತ್ತು ವಿರ್ಫ್ಸ್ ಓದಿದ ಕಾಲೇಜು. ಇವತ್ತು ರಾತ್ರಿ ಅವನ ಆಟ ಹುಡುಕಿ ನೋಡುತ್ತೇನೆ, ಚೆಂಡು ಬಿಟ್ಟು ಬರೀ ಹೆಜ್ಜೆ.